ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ಎಷ್ಟು ಡೀಸೆಲ್ ಕುಡೀತದೆ: ಕ್ಯಾನ್ ಕಟ್ಟಿ ಅಳೆದದ್ದು, ಕಪ್ಪು ಹೊಗೆ ಇಳಿಸಿದ್ದು

ಈ ಕೆಲಸ ಶುರುವಾದದ್ದು ಮಾವನ ಬೈರಾಸಿನಿಂದ. ನಮ್ದು ಉಡುಪಿ ಬದಿಯ ಹಿರಿಯಡ್ಕದ ಹತ್ರ ಮೂರು ಎಕರೆ ಚಿಲ್ಲರೆ ಗದ್ದೆ, ಬೈಲು (ನೀರು ನಿಲ್ಲುವ ತಗ್ಗಿನ ಗದ್ದೆ) ಜಾಸ್ತಿ, ಮಜಲು (ನಡುಮಟ್ಟದ್ದು) ಸ್ವಲ್ಪ, ಎತ್ತರದ ಬೆಟ್ಟು ಗದ್ದೆಯೆಲ್ಲ ಅಡಿಕೆ ತೋಟ ಆಗಿ ಎಷ್ಟೋ ವರ್ಷ ಆಯ್ತು. ಟ್ರ್ಯಾಕ್ಟರ್ 2007ರ ಮಾಡೆಲ್, ಮೂರು ಸಿಲಿಂಡರ್, 39 ಎಚ್‌ಪಿ, ಸೆಕೆಂಡ್ ಹ್ಯಾಂಡ್ ತಕೊಂಡದ್ದು. ಓಡಿಸೋದು ನಮ್ಮ ಮಾವ, ಅಮ್ಮನ ತಮ್ಮ, ನಮ್ಮ ಗದ್ದೆ ಮುಗಿಸಿ ಅಕ್ಕಪಕ್ಕದವರ ಒಂದು ಇಪ್ಪತ್ತು ಎಕರೆಗೂ ಅವರೇ ಹೋಗ್ತಾರೆ. ಕಳೆದ ವರ್ಷ ಏಣೆಲಿಗೆ, ಅಂದ್ರೆ ಮಳೆಗಾಲದ ಬೆಳೆಗೆ, ಉಳುವಾಗ ಒಂದು ಬೆಳಿಗ್ಗೆ ನಾನು ಚಾ ತಕೊಂಡು ಬೈಲಿಗೆ ಹೋಗಿದ್ದೆ, ಎರಡೂ ಕಡೆ ಅಡಿಕೆ ತೋಟ, ಗಾಳಿ ಇಲ್ಲ, ಹೊಗೆ ಮೇಲೆ ಹೋಗದೆ ಗದ್ದೆಯಲ್ಲೇ ಕೂತಿತ್ತು. ಮಾವ ಇಳಿದು ಬಂದು ಹೆಗಲ ಮೇಲಿದ್ದ ಬಿಳಿ ಬೈರಾಸಿನಲ್ಲಿ ಮುಖ ಒರೆಸಿದ್ರು, ಮೂಗಿನ ಕೆಳಗೆ ಒರೆಸಿದ ಜಾಗದಲ್ಲಿ ಎರಡು ಕಪ್ಪು ಗುರುತು, ಕಾಡಿಗೆ ತೀಡಿದ ಹಾಗೆ. ಮತ್ತೆ ಸ್ವಲ್ಪ ಹೊತ್ತು ಕೆಮ್ಮಿದ್ರು.

"ಇದೆಂತ ಮಾವ ಇಷ್ಟು ಮಸಿ?" ಅಂತ ಕೇಳಿದ್ದಕ್ಕೆ "ಅದು ಇರ್ತದೆ ಮಾರಾಯ, ಹೊಗೆ ಬಂದ್ರೆ ಇಂಜಿನಿಗೆ ದಮ್ಮು ಉಂಟು ಅಂತ ಲೆಕ್ಕ" ಅಂದ್ರು.

ಆ ಮಾತು ನನಗೆ ಒಪ್ಪಿಗೆ ಆಗ್ಲಿಲ್ಲ. ಡೀಸೆಲ್ ಹೊಗೆಯನ್ನು 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಒಂದನೇ ಗುಂಪಿಗೆ ಸೇರಿಸಿದೆ, ತಂಬಾಕಿನ ಹೊಗೆ ಇರೋದು ಸಹ ಅದೇ ಗುಂಪಿನಲ್ಲಿ. ನಮ್ಮ ಟ್ರ್ಯಾಕ್ಟರ್‌ನ ಸೈಲೆನ್ಸರ್ ಬಾನೆಟ್ ಮೇಲೆ ಉಂಟು, ಡ್ರೈವರಿನ ಮುಖಕ್ಕೆ ಸರೀ ಎದುರು, ಮಾವ ವರ್ಷಕ್ಕೆ ಎರಡು ತಿಂಗಳು ದಿನಕ್ಕೆ ಆರೇಳು ಗಂಟೆ ಅದರ ಹಿಂದೆಯೇ ಕೂರೋದು. ಹಾಗಾಗಿ ಈ ಸಲ ಮಳೆಗೆ ಮೊದಲೇ ಕೈ ಹಾಕಿದೆ. ಆದ್ರೆ ಒಂದು ಗಟ್ಟಿ ಮಾಡಿಕೊಂಡೆ, ಮೊದಲು ಅಳೀಬೇಕು, ಮತ್ತೆಯೇ ಸ್ಪಾನರ್ ಹಿಡೀಬೇಕು. ರಿಪೇರಿ ಮಾಡಿ "ಈಗ ಸ್ವಲ್ಪ ಕಡಿಮೆ ಆದ ಹಾಗೆ ಕಾಣ್ತದೆ" ಅಂತ ಹೇಳೋದರಲ್ಲಿ ಏನೂ ಅರ್ಥ ಇಲ್ಲ.

ಡೀಸೆಲ್ ಅಳೀಲಿಕ್ಕೆ ಸುಲಭದ ದಾರಿ ಅಂದ್ರೆ ಟ್ಯಾಂಕ್ ಫುಲ್ ಮಾಡಿ ಕೆಲಸ ಮಾಡಿ ಬಂದು ಅದೇ ಜಾಗದಲ್ಲಿ ನಿಲ್ಲಿಸಿ ಪುನಃ ಫುಲ್ ಮಾಡೋದು, ಎಷ್ಟು ಹಿಡೀತದೋ ಅಷ್ಟು ಖರ್ಚು. ಆದ್ರೆ ನಮ್ಮ ಅಂಗಳ ಓರೆ ಉಂಟು, ನೊರೆ ಬೇರೆ ಬರ್ತದೆ, ಎರಡು ಸಲ ಮಾಡಿ ನೋಡಿದ್ರೆ ಅರ್ಧ ಲೀಟರ್ ಹೆಚ್ಚುಕಮ್ಮಿ. ನಮ್ಮ ಬೈಲಿನ ಗದ್ದೆ ಒಂದೊಂದು ಮೂವತ್ತು ನಲವತ್ತು ಸೆಂಟ್ಸ್ ಮಾತ್ರ (ನೂರು ಸೆಂಟ್ಸಿಗೆ ಒಂದು ಎಕರೆ), ಒಂದು ಗದ್ದೆಗೆ ಎರಡೂವರೆ ಲೀಟರ್ ಹೋಗುವಲ್ಲಿ ಅರ್ಧ ಲೀಟರ್ ತಪ್ಪಿದ್ರೆ ಆ ಲೆಕ್ಕ ಇಟ್ಟು ಎಂತ ಮಾಡ್ಲಿಕ್ಕೆ? ಅದಕ್ಕೆ ಬೇರೆ ಕ್ಯಾನ್ ಕಟ್ಟಿದೆ. ಐದು ಲೀಟರಿನ ದಪ್ಪ ಕ್ಯಾನ್, ಬುಡದಲ್ಲಿ ಹಿತ್ತಾಳೆ ನಿಪ್ಪಲ್, ಅಲ್ಲಿಂದ ಪೈಪ್ ಮೂರು ದಾರಿಯ ಒಂದು ಕಾಕ್‌ಗೆ, ಕಾಕ್ ಒಂದು ಕಡೆ ತಿರುಗಿಸಿದ್ರೆ ಇಂಜಿನಿಗೆ ಟ್ಯಾಂಕಿನ ಡೀಸೆಲ್, ಇನ್ನೊಂದು ಕಡೆ ತಿರುಗಿಸಿದ್ರೆ ಕ್ಯಾನಿನ ಡೀಸೆಲ್. ಕ್ಯಾನನ್ನು ಟ್ಯಾಂಕಿನಷ್ಟೇ ಎತ್ತರಕ್ಕೆ ಇಡಬೇಕು, ಕೆಳಗೆ ಇಟ್ರೆ ಡೀಸೆಲ್ ಎಳೆದು ಕೊಡುವ ಫೀಡ್ ಪಂಪ್ ಒದ್ದಾಡಿ ಗಾಳಿ ಹಿಡೀತದೆ. ಮಡ್‌ಗಾರ್ಡ್ ಮೇಲೆ ಒಂದು ಆಂಗಲ್ ಬೆಸುಗೆ ಹಾಕಿಸಿ ಅಡಿಗೆ ರಬ್ಬರ್ ಇಟ್ಟು ಬೆಲ್ಟಿನಲ್ಲಿ ಬಿಗಿದೆ.

ಕ್ಯಾನಿನ ಮೇಲೆ ಗೆರೆ ಹಾಕಿ ಲೀಟರ್ ನೋಡೋದು ಬೇಡ ಅಂತ ತೂಕಕ್ಕೆ ಹೋದೆ. ಡೀಸೆಲ್ ಬಿಸಿ ಆದಷ್ಟು ಉಬ್ತದೆ, ಇಂಜಿನ್ ಸುತ್ತಿ ವಾಪಸ್ ಬಂದ ಡೀಸೆಲ್ ಬೆಳಗ್ಗಿನದಕ್ಕಿಂತ ಇಪ್ಪತ್ತು ಡಿಗ್ರಿ ಬಿಸಿ ಇದ್ರೆ ಲೀಟರ್ ಲೆಕ್ಕದಲ್ಲಿ ನೂರಕ್ಕೆ ಒಂದೂವರೆ ಪಾಲು ಸುಳ್ಳು ಬರ್ತದೆ, ತೂಕ ಮಾತ್ರ ಬದಲಾಗೋದಿಲ್ಲ. ಮೀನು ತೂಗುವ ಹಾಗಿನ ಡಿಜಿಟಲ್ ತೂಕದ ಕೊಕ್ಕೆ ಒಂದು ಸಾಕು. ಕೆಲಸಕ್ಕೆ ಮೊದಲು ಕ್ಯಾನ್ ತೂಗೋದು, ಮುಗಿದ ಮೇಲೆ ತೂಗೋದು, ಕಡಿಮೆ ಆದದ್ದನ್ನು ಲೀಟರ್ ಮಾಡ್ಲಿಕ್ಕೆ ನಮ್ಮ ಪೆಟ್ರೋಲ್ ಪಂಪಿನ ಡೀಸೆಲನ್ನೇ ಒಂದು ಲೀಟರ್ ಅಳೆದು ತೂಗಿ ನೋಡಿದೆ, 828 ಗ್ರಾಂ ಬಂತು, ಹಾಗಾಗಿ 0.83 ಅಂತ ಹಿಡಿದದ್ದು.

ಮೊದಲ ದಿನವೇ ದೊಡ್ಡ ತಪ್ಪು ಆಯ್ತು. 35 ಸೆಂಟ್ಸ್ ಗದ್ದೆ ಒಂದು ಸುತ್ತು ಹೊಡೆದು ಲೆಕ್ಕ ಹಾಕಿದ್ರೆ ಎಕರೆಗೆ 11 ಲೀಟರ್ ಬಂತು, ಇದು ಸಾಧ್ಯವೇ ಇಲ್ಲ ಅಂತ ಮಾವನೂ ಹೇಳಿದ್ರು ನಾನೂ ಹೇಳಿದೆ, ಆದ್ರೆ ಎಲ್ಲಿ ತಪ್ಪಿದ್ದು ಅಂತ ಗೊತ್ತಾಗ್ಲಿಲ್ಲ. ಮನೆಗೆ ಬಂದು ನಿಲ್ಲಿಸುವಾಗ ದೊಡ್ಡ ಟ್ಯಾಂಕಿನ ಮುಚ್ಚಳದ ಬದಿಯಲ್ಲಿ ಡೀಸೆಲ್ ಒಸರ್ತಾ ಇತ್ತು, ಬೆಳಿಗ್ಗೆ ಅದು ಅಷ್ಟು ತುಂಬಿರ್ಲಿಲ್ಲ. ಆಗ ಹೊಳೆದದ್ದು. ಫೀಡ್ ಪಂಪ್ ಇಂಜಿನಿಗೆ ಬೇಕಾದ್ದಕ್ಕಿಂತ ಜಾಸ್ತಿ ಡೀಸೆಲ್ ತಳ್ತದೆ, ಮಿಕ್ಕಿದ್ದು ಪಂಪಿನ ಓವರ್‌ಫ್ಲೋದಿಂದ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ತಲೆಯಲ್ಲಿರುವ ಸಣ್ಣ ಲೀಕ್‌ಆಫ್ ಪೈಪಿನಿಂದ ವಾಪಸ್ ಟ್ಯಾಂಕಿಗೆ ಹೋಗೋದು. ನಾನು ತೆಗೆದದ್ದು ಕ್ಯಾನಿಂದ, ವಾಪಸ್ ಹೋದದ್ದು ಟ್ಯಾಂಕಿಗೆ, ಅದೆಲ್ಲ ಸುಟ್ಟ ಲೆಕ್ಕಕ್ಕೆ ಸೇರಿತ್ತು. ಯಾರಾದ್ರೂ ಇದನ್ನು ಮಾಡುವವರಿದ್ರೆ ದಯವಿಟ್ಟು ರಿಟರ್ನ್ ಪೈಪನ್ನು ಸಹ ಅದೇ ಕ್ಯಾನಿಗೆ ತನ್ನಿ, ಅದಕ್ಕೆ ಇನ್ನೊಂದು ಮೂರು ದಾರಿಯ ಕಾಕ್ ಬೇಕು, ಎರಡನ್ನೂ ಒಟ್ಟಿಗೆ ತಿರುಗಿಸಬೇಕು. ಮತ್ತೊಂದು, ನಾನು ಮೊದಲು ಹಾಕಿದ್ದು ಮಾಮೂಲಿ ಪಾರದರ್ಶಕ ನೀರಿನ ಪೈಪ್, ಎರಡು ವಾರಕ್ಕೆ ಡೀಸೆಲ್ ತಾಗಿ ಕೋಲಿನ ಹಾಗೆ ಗಟ್ಟಿಯಾಗಿ ನಿಪ್ಪಲ್ ಹತ್ರ ಸೀಳಿತು. ಡೀಸೆಲ್ ಪೈಪ್ ಅಂತಲೇ ಕೇಳಿ ತಕೊಳ್ಳಿ, ಕ್ಲಿಪ್ ಹಾಕಿ, ಬಿಸಿ ಸೈಲೆನ್ಸರ್‌ನಿಂದ ದೂರ ಇರ್ಲಿ.

ರಿಟರ್ನ್ ಸರಿ ಮಾಡಿದ ಮೇಲೆ ಅದೇ ಬೈಲಿನ ಮೂರು ಗದ್ದೆ ಅಳೆದೆ, ಕೆಸರಿಗೆಂದೇ ಇರುವ ಕಬ್ಬಿಣದ ಕೇಜ್ ವೀಲ್ ಹಾಕಿ, ಬ್ಲೇಡ್ ತಿರುಗಿಸಿ ಮಣ್ಣು ಕಲಸುವ ರೋಟವೇಟರ್‌ನಲ್ಲಿ ಎರಡನೇ ಸುತ್ತಿನ ಕೆಸರು, ನೀರು ಸುಮಾರು ನಾಲ್ಕು ಬೆರಳು. 35 ಸೆಂಟ್ಸಿನದಕ್ಕೆ 2.05 ಕೆಜಿ, ಅಂದ್ರೆ ಎರಡೂವರೆ ಲೀಟರ್‌ಗೆ ಸ್ವಲ್ಪ ಕಡಿಮೆ, ಎಕರೆಗೆ 7 ಲೀಟರ್. ಉಳಿದೆರಡು 6.8 ಮತ್ತು 7.3. ಸರಾಸರಿ 7 ಅಂತಲೇ ಇಟ್ಕೊಂಡೆ. ಮೊದಲನೇ ಸುತ್ತಿಗೆ ಮಣ್ಣು ಗಟ್ಟಿ ಇರ್ತದೆ, ಅದಕ್ಕೆ 8 ಹತ್ರ. ಮಾವ ಹೊಡೀತಿದ್ದದ್ದು ಮೂರು ಸುತ್ತು, ಎಕರೆಗೆ ಒಟ್ಟು 22 ಲೀಟರ್! ಒಂದು ಲೀಟರ್ ಡೀಸೆಲ್ ಸುಟ್ರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗ್ತದೆ, ಡೀಸೆಲಿನ ತೂಕಕ್ಕಿಂತ ಜಾಸ್ತಿ ಹೇಗೆ ಅಂದ್ರೆ ಗಾಳಿಯ ಆಮ್ಲಜನಕ ಬಂದು ಸೇರ್ತದಲ್ಲ, ಹಾಗೆ. ಆ ಲೆಕ್ಕದಲ್ಲಿ ಒಂದು ಎಕರೆ ಕೆಸರು ಮಾಡ್ಲಿಕ್ಕೇ ಸುಮಾರು 59 ಕೆಜಿ, ಒಂದು ಮೂಟೆ ಅಕ್ಕಿಗಿಂತ ಜಾಸ್ತಿ ತೂಕದ್ದು.

ಹೊಗೆಗೂ ಒಂದು ಅಳತೆ ಬೇಕಿತ್ತು. ಗಾಡಿಯ ಹೊಗೆ ತಪಾಸಣೆಯ ಪಿಯುಸಿ ಸೆಂಟರಿನಲ್ಲಿ ಡೀಸೆಲ್ ಗಾಡಿಗೆ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ನೋಡೋದು, ಆದ್ರೆ ನಮ್ಮ ಮಸಿ ಬರೋದು ಲೋಡಿನಲ್ಲಿ, ಕೆಸರಿನಲ್ಲಿ ರೋಟವೇಟರ್ ಕಚ್ಚುವಾಗ. ಹಳೇ ಕಾಲದ ಬಾಷ್ ಮೀಟರ್ ಒಂದು ಉಂಟು, ನಿರ್ದಿಷ್ಟ ಅಳತೆಯ ಹೊಗೆಯನ್ನು ಬಿಳಿ ಫಿಲ್ಟರ್ ಪೇಪರ್ ಮೂಲಕ ಎಳೆದು ಪೇಪರ್ ಎಷ್ಟು ಕಪ್ಪಾಯ್ತು ಅಂತ ಸೊನ್ನೆಯಿಂದ ಹತ್ತರ ತನಕ ಅಂಕ ಕೊಡೋದು. ಅದೇ ತತ್ವದಲ್ಲಿ ಮನೆಯಲ್ಲಿ ಮಾಡಿದೆ. ತಾಮ್ರದ ಸಣ್ಣ ಪೈಪನ್ನು ಬಗ್ಗಿಸಿ ಸೈಲೆನ್ಸರ್ ಬಾಯಿಂದ ಒಂದು ಮೊಳ ಒಳಗೆ ಇಳಿಸಿ ಕಟ್ಟಿದೆ, ಅದರ ತುದಿಗೆ ಅರ್ಧ ಇಂಚಿನ ಪಿವಿಸಿ ಯೂನಿಯನ್, ಯೂನಿಯನ್ ಒಳಗೆ ರಬ್ಬರ್ ರಿಂಗಿನ ಮಧ್ಯೆ ದುಂಡಗೆ ಕತ್ತರಿಸಿದ ಫಿಲ್ಟರ್ ಪೇಪರ್, ಆಚೆ ಕಡೆಯಿಂದ ಮೆದು ಪೈಪ್ ಡ್ರೈವರ್ ಸೀಟಿನ ಹತ್ರಕ್ಕೆ, ಕೊನೆಗೆ ಮೆಡಿಕಲ್ ಶಾಪಿನ 60 ಎಂಎಲ್ ಸಿರಿಂಜ್. ಗದ್ದೆಯಲ್ಲಿ ನೇರ ಸಾಲು ಹೋಗುವಾಗ ಐದು ಸಲ ಎಳೆಯೋದು, 300 ಎಂಎಲ್. ಪೇಪರ್ ಹಾಕುವ ಮೊದಲು ಒಂದೆರಡು ಸಲ ಖಾಲಿ ಎಳೀಬೇಕು, ಇಲ್ಲದಿದ್ರೆ ಪೈಪಿನಲ್ಲಿದ್ದ ಹಳೇ ಗಾಳಿ ಪಾಲು ತಕೊಳ್ತದೆ. ನನಗೆ ತೊಂದರೆ ಕೊಟ್ಟದ್ದು ನೀರು, ಹೊಗೆಯಲ್ಲಿ ನೀರಿನ ಆವಿ ತುಂಬ ಇರ್ತದೆ, ಯೂನಿಯನ್ ತಣ್ಣಗಿದ್ರೆ ಪೇಪರ್ ಒದ್ದೆಯಾಗಿ ಮಸಿ ಹರಡಿ ಹೋಗ್ತದೆ, ಮೊದಲ ಎಂಟು ಪೇಪರ್ ಹಾಗೇ ಹಾಳಾದದ್ದು. ತಾಮ್ರದ ಪೈಪ್ ಗಿಡ್ಡ ಮಾಡಿ ಯೂನಿಯನ್ ಬಿಸಿಯಲ್ಲೇ ಇರುವ ಹಾಗೆ ಇಟ್ಟ ಮೇಲೆ ಸರಿ ಆಯ್ತು. ಝೆರಾಕ್ಸ್ ಅಂಗಡಿಯಲ್ಲಿ ಬಿಳಿಯಿಂದ ಕಪ್ಪಿನ ತನಕ ಹತ್ತು ಮೆಟ್ಟಿಲಿನ ಪಟ್ಟಿ ಪ್ರಿಂಟ್ ಹಾಕಿಸಿ ಅದರ ಪಕ್ಕ ಇಟ್ಟು ಮನೆ ಜಗಲಿಯ ನೆರಳಲ್ಲಿ ಫೋಟೋ ತೆಗೆಯೋದು. ಇದು ಲ್ಯಾಬಿನ ಅಂಕ ಅಲ್ಲ, ನಮ್ಮ ಗಾಡಿಯ ಇವತ್ತಿನದ್ದನ್ನು ನಾಳಿನದ್ದಕ್ಕೆ ಹೋಲಿಸ್ಲಿಕ್ಕೆ ಮಾತ್ರ. ಮೊದಲ ಪೇಪರ್ ಏಳನೇ ಮೆಟ್ಟಿಲಿಗೆ ಬಂತು. ಮಾವನಿಗೆ ತೋರಿಸಿದೆ, ಅವರು ಪೇಪರನ್ನು ಬೆರಳಲ್ಲಿ ಉಜ್ಜಿ ನೋಡಿ ಏನೂ ಮಾತಾಡ್ಲಿಲ್ಲ.

ಇನ್ನು ರಿಪೇರಿ. ಕಪ್ಪು ಹೊಗೆ ಅಂದ್ರೆ ಡೀಸೆಲಿಗೆ ತಕ್ಕ ಗಾಳಿ ಸಿಗ್ತಾ ಇಲ್ಲ ಅಥವಾ ಡೀಸೆಲ್ ಸರಿಯಾಗಿ ಮಂಜಿನ ಹಾಗೆ ಒಡೀತಾ ಇಲ್ಲ. ನೀಲಿ ಬಂದ್ರೆ ಇಂಜಿನ್ ಆಯಿಲ್ ಸುಡ್ತಾ ಉಂಟು, ಬಿಸಿ ಆದ ಮೇಲೂ ಬಿಳಿ ಬಂದ್ರೆ ಡೀಸೆಲ್ ಸುಡದೆ ಹೋಗ್ತಾ ಉಂಟು ಇಲ್ಲ ನೀರು ಒಳಗೆ ಬರ್ತಾ ಉಂಟು. ನಮ್ದು ಕಪ್ಪೇ, ಹಾಗಾಗಿ ಗಾಳಿಯಿಂದ ಶುರು ಮಾಡಿದೆ, ಅದಕ್ಕೆ ಖರ್ಚು ಕಡಿಮೆ ಸಹ.

ನಮ್ಮ ಗಾಡಿಗೆ ಆಯಿಲ್ ಬಾತ್ ಏರ್ ಕ್ಲೀನರ್, ಕೆಳಗಿನ ಬಟ್ಟಲಲ್ಲಿ ಎಣ್ಣೆ, ಗಾಳಿ ಅದಕ್ಕೆ ತಾಗಿ ಧೂಳು ಅಲ್ಲೇ ಬಿಟ್ಟು ತಂತಿಯ ಜಾಳಿಗೆ ದಾಟಿ ಒಳಗೆ ಹೋಗೋದು. ಬಟ್ಟಲು ಬಿಚ್ಚಿದ್ರೆ ಎಣ್ಣೆ ಅಲ್ಲ ಅದು, ಕಪ್ಪು ಹಲ್ವದ ಹಾಗಿನ ಕೆಸರು, ಬೆರಳು ಅದ್ದಿದ್ರೆ ಬೆರಳಿನ ಆಕಾರ ಹಾಗೇ ಉಳೀತದೆ. ಮೇಲಿನ ಜಾಳಿಗೆಯಲ್ಲಿ ಭತ್ತದ ಹೊಟ್ಟು, ಬೈಹುಲ್ಲಿನ ಚೂರು, ಸುಗ್ಗಿಯಲ್ಲಿ ಒಕ್ಕುವ ಮಿಷನ್ ಹಾಕುವಾಗ ಎಳ್ಕೊಂಡದ್ದು ಅಂತ ಕಾಣ್ತದೆ, ಒಂದು ಹಿಡಿ ಇತ್ತು. ಜಾಳಿಗೆಯನ್ನು ಡೀಸೆಲಿನಲ್ಲಿ ಎರಡು ಗಂಟೆ ನೆನೆಸಿ ತೊಳೆದು ಒಣಗಿಸಿ ಹೊಸ ಎಣ್ಣೆ ಬಟ್ಟಲಿನ ಗೆರೆಯ ತನಕ ಮಾತ್ರ ಹಾಕಿದೆ, ಗೆರೆ ದಾಟಿ ಹಾಕಿದ್ರೆ ಇಂಜಿನ್ ಆ ಎಣ್ಣೆಯನ್ನೂ ಎಳ್ಕೊಳ್ತದೆ. ಏರ್ ಕ್ಲೀನರಿಂದ ಮ್ಯಾನಿಫೋಲ್ಡಿಗೆ (ಇಂಜಿನಿಗೆ ಗಾಳಿ ಹಂಚುವ ಪೈಪಿಗೆ) ಹೋಗುವ ರಬ್ಬರ್ ಹೋಸ್ ಅಡಿಭಾಗದಲ್ಲಿ ಬಿರುಕು ಬಿಟ್ಟಿತ್ತು, ಮೇಲಿಂದ ನೋಡಿದ್ರೆ ಕಾಣೋದಿಲ್ಲ, ಕೈ ಹಾಕಿ ತಡವಿದ್ರೆ ಸಿಕ್ತದೆ. ಅಲ್ಲಿಂದ ಸೋಸದ ಗಾಳಿ ಒಳಗೆ ಹೋಗಿ ಲೈನರ್ ಪಿಸ್ಟನ್ ರಿಂಗ್ ತಿನ್ನೋದು, ಹೊಗೆಗಿಂತ ದೊಡ್ಡ ಖರ್ಚು ಅದೇ. ಹೋಸ್ ಬದಲಿಸಿದೆ. ಫಲಿತಾಂಶ: ಎಕರೆಗೆ 6.8, ಪೇಪರ್ ಆರನೇ ಮೆಟ್ಟಿಲು. 0.2 ಲೀಟರಿನ ವ್ಯತ್ಯಾಸ ಗದ್ದೆಯಿಂದ ಗದ್ದೆಗೇ ಬರ್ತದೆ, ಹಾಗಾಗಿ ಡೀಸೆಲ್ ಉಳೀತು ಅಂತ ಇದರಲ್ಲಿ ನಾನು ಹೇಳೋದಿಲ್ಲ, ಹೊಗೆ ಮಾತ್ರ ಸ್ವಲ್ಪ ಇಳಿಯಿತು.

ಮತ್ತೆ ಇಂಜೆಕ್ಟರ್. ಮೂರನ್ನೂ ಬಿಚ್ಚಿ ಯಾವುದು ಯಾವ ಸಿಲಿಂಡರಿನದ್ದು ಅಂತ ಪೇಂಟಿನಲ್ಲಿ ಗುರುತು ಹಾಕಿ, ತೂತಿಗೆ ಬಟ್ಟೆ ತುರುಕಿ, ಉಡುಪಿಯಲ್ಲಿ ಪಂಪ್ ಕೆಲಸ ಮಾಡುವಲ್ಲಿಗೆ ತಕೊಂಡು ಹೋದೆ. ಟೆಸ್ಟರ್‌ಗೆ ಕಟ್ಟಿ ಕೈಯಲ್ಲಿ ಒತ್ತಿದಾಗ ಒಳ್ಳೇ ನೋಝಲ್ (ಇಂಜೆಕ್ಟರಿನ ತುದಿ) "ಗರ್ರ್ ಗರ್ರ್" ಅಂತ ಸದ್ದು ಮಾಡಿ ಎಲ್ಲ ತೂತಿಂದ ಒಂದೇ ಸಮ ಮಂಜು ಬಿಡ್ತದೆ, ನಿಲ್ಲುವಾಗ ಥಟ್ಟಂತ ನಿಲ್ತದೆ, ತುದಿ ಒಣಗಿರ್ತದೆ. ನಮ್ಮ ಒಂದನೇದು ಪರವಾಗಿಲ್ಲ. ಎರಡನೇದು ಬೇಕಾದ ಪ್ರೆಶರಿಗಿಂತ ಬಹಳ ಕೆಳಗೇ ಬಾಯಿ ಬಿಡ್ತಿತ್ತು. ಮೂರನೇದು ನೋಡುವಾಗ ನಿಜವಾಗಿ ಬೇಜಾರಾಯ್ತು, ಒಂದು ಕಡೆಯಿಂದ ಮಂಜು, ಇನ್ನೊಂದು ಕಡೆಯಿಂದ ಸೂಜಿಯ ಹಾಗೆ ನೇರ ಧಾರೆ, ಒತ್ತೋದು ನಿಲ್ಲಿಸಿದ ಮೇಲೆ ತುದಿಯಲ್ಲಿ ಒಂದು ಹನಿ ಉಬ್ಬಿ ಉಬ್ಬಿ ತೊಟ್ಟಿಕ್ಕುತ್ತದೆ. ಆ ಹನಿ ಒಳಗೆ ಬೀಳೋದು ಸುಡುವ ಹೊತ್ತು ಮುಗಿದ ಮೇಲೆ, ಅದು ಪಿಸ್ಟನ್ ತಳ್ಳೋದಿಲ್ಲ, ಮಸಿ ಆಗಿ ಹೊರಗೆ ಹೋಗ್ತದೆ. ಇಲ್ಲಿ ಒಂದು ಮಾತು, ಟೆಸ್ಟರಿನ ಸ್ಪ್ರೇ ಎದುರು ಯಾವತ್ತೂ ಕೈ ಹಿಡೀಬೇಡಿ, ಇನ್ನೂರು ಬಾರ್ ಪ್ರೆಶರಿನ ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತದೆ, ನೋಡ್ಲಿಕ್ಕೆ ಸಣ್ಣ ಚುಚ್ಚಿದ ಗಾಯ, ಆದ್ರೆ ಬೆರಳೇ ಹೋಗುವ ಹಾಗೆ ಆಗಬಹುದು, ಹಾಗೆ ಆದ್ರೆ ಕಾಯದೆ ಕೂಡಲೇ ಆಸ್ಪತ್ರೆಗೆ ಓಡಬೇಕು.

ಮೂರಕ್ಕೂ ಹೊಸ ನೋಝಲ್ ಹಾಕಿಸಿ ಶಿಮ್ (ತೆಳು ಬಿಲ್ಲೆ) ಕೊಟ್ಟು ಪ್ರೆಶರ್ ಒಂದೇ ಮಾಡಿಸಿದೆ, ಎಲ್ಲ ಸೇರಿ ಮೂರು ಸಾವಿರದ ಒಳಗೆ. ವಾಪಸ್ ಕೂರಿಸುವಾಗ ಹಳೇ ತಾಮ್ರದ ವಾಷರ್ ಪುನಃ ಹಾಕಬಾರದು, ಹಳೇದು ತೂತಿನ ತಳದಲ್ಲಿ ಅಂಟಿಕೊಂಡಿದ್ರೆ ತೆಗೆದುಬಿಡಿ, ಎರಡು ವಾಷರ್ ಆದ್ರೆ ನೋಝಲ್ ಮೇಲೆ ನಿಂತು ಸ್ಪ್ರೇಯ ಜಾಗವೇ ತಪ್ತದೆ. ಕೂರಿಸಿ, ಫಿಲ್ಟರಿನ ಬ್ಲೀಡ್ ಸ್ಕ್ರೂ ಬಿಚ್ಚಿ ಕೈಪಂಪ್ ಒತ್ತಿ ಗುಳ್ಳೆ ನಿಲ್ಲುವ ತನಕ ಏರ್ ತೆಗೆದು ಸ್ಟಾರ್ಟ್ ಮಾಡಿದೆ. ಶಬ್ದವೇ ಬೇರೆ, ಕುಟ್ಟುವ ಹಾಗಿನ ಸದ್ದು ಹೋಗಿತ್ತು, ಅಮ್ಮ ಅಡಿಗೆಮನೆಯಿಂದ "ಯಾರ ಗಾಡಿ ಬಂದದ್ದು?" ಅಂತ ಕೇಳಿದ್ರು. ಗದ್ದೆಯಲ್ಲಿ ಎಕರೆಗೆ 6.4, ಪೇಪರ್ ನಾಲ್ಕೂವರೆ.

ಆದ್ರೂ ಲೋಡ್ ಬಂದಾಗ ಕಪ್ಪು ಪೂರ್ತಿ ಹೋಗ್ಲಿಲ್ಲ. ಗಾಳಿ ಸರಿ, ಸ್ಪ್ರೇ ಸರಿ, ಟ್ಯಾಪೆಟ್ (ವಾಲ್ವಿನ ಸಂದು) ಸಹ ಫಿಲ್ಲರ್ ಗೇಜ್ ಹಾಕಿ ಸರಿ ಮಾಡಿದ್ದೆ, ಮತ್ತೆಂತ? ಟಾರ್ಚ್ ಹಾಕಿ ಇಂಜೆಕ್ಟರಿಗೆ ಡೀಸೆಲ್ ತಳ್ಳುವ ಪಂಪಿನ ಹಿಂದೆ ನೋಡುವಾಗ ಸಿಕ್ಕಿತು, ಗರಿಷ್ಠ ಡೀಸೆಲ್ ಎಷ್ಟು ಅಂತ ಮಿತಿ ಇಡುವ ಸ್ಕ್ರೂಗೆ ತಂತಿ ಮತ್ತು ಸೀಸದ ಸೀಲ್ ಇರಬೇಕು, ಅದು ಇಲ್ಲ, ಲಾಕ್ ನಟ್ ಮೇಲೆ ಸ್ಪಾನರಿನ ಹಲ್ಲಿನ ಗುರುತು. ನಮ್ಮ ಕೈಗೆ ಬರುವ ಮೊದಲೇ ಯಾರೋ "ಪವರ್ ಜಾಸ್ತಿ" ಮಾಡಿ ಕೊಟ್ಟದ್ದು. ಸ್ಕ್ರೂ ತಿರುಗಿಸಿದ್ರೆ ಡೀಸೆಲ್ ಜಾಸ್ತಿ ಹೋಗ್ತದೆ, ಗಾಳಿ ಜಾಸ್ತಿ ಆಗೋದಿಲ್ಲ, ಟರ್ಬೋ (ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಇಂಜಿನ್ ಒಂದು ಉಸಿರಿಗೆ ಎಳೆಯುವ ಗಾಳಿ ಇಷ್ಟೇ. ಪವರ್ ಸ್ವಲ್ಪ ಜಾಸ್ತಿ ಸಿಗೋದು ಹೌದು, ಆದ್ರೆ ಕೊನೆಕೊನೆಗೆ ಹಾಕಿದ ಡೀಸೆಲಿನಲ್ಲಿ ಸಿಗುವ ಕೆಲಸ ಕಡಿಮೆ, ಮಸಿ ಜಾಸ್ತಿ, ಬಿಸಿ ಜಾಸ್ತಿ. ಮಸಿಯಾಗಿ ಹಾರಿಹೋಗುವ ಡೀಸೆಲ್ ತೂಕದಲ್ಲಿ ನೋಡಿದ್ರೆ ಬಹಳ ಸಣ್ಣ ಪಾಲು, ನೂರಕ್ಕೆ ಒಂದೂ ಇರೋದಿಲ್ಲ. ನಷ್ಟ ಆಗೋದು ತಡವಾಗಿ ಸುಟ್ಟು ಪಿಸ್ಟನ್ ತಳ್ಳದೆ ಬಿಸಿಯಾಗಿ ಸೈಲೆನ್ಸರಲ್ಲಿ ಹೋಗುವ ಪಾಲು, ಮಸಿ ಅದರ ಗುರುತು ಮಾತ್ರ. ಇದು ಅರ್ಥ ಆಗ್ಲಿಕ್ಕೆ ನನಗೆ ಸಮಯ ಹಿಡಿಯಿತು.

ಪಂಪ್ ಬಿಚ್ಚಿ ಕೊಡುವ ಮೊದಲು ಫ್ಲೇಂಜ್ ಮತ್ತು ಬ್ಲಾಕ್ ಎರಡರ ಮೇಲೂ ಸೇರುವ ಹಾಗೆ ಉಳಿಯಲ್ಲಿ ಗೆರೆ ಹಾಕಿದೆ, ಟೈಮಿಂಗ್ (ಡೀಸೆಲ್ ಸಿಂಪಡಿಸುವ ಹೊತ್ತು) ಹಾಗೇ ವಾಪಸ್ ಕೂರಬೇಕಲ್ಲ. ಟೈಮಿಂಗ್ ಸ್ವಲ್ಪ ಮುಂದೆ ಮಾಡಿದ್ರೆ ಹೊಗೆ ಇಳೀತದೆ ಅಂತ ಒಬ್ರು ಹೇಳಿದ್ರು, ಅದು ನಿಜವೇ, ಆದ್ರೆ ಆಗ ಒಳಗಿನ ಬಿಸಿ ಏರಿ ನೈಟ್ರೋಜನ್ ಆಕ್ಸೈಡ್ ಜಾಸ್ತಿ ಆಗ್ತದೆ, ಕಣ್ಣಿಗೆ ಕಾಣದ ಹೊಗೆ, ಅದೂ ಶ್ವಾಸಕ್ಕೆ ಒಳ್ಳೇದಲ್ಲ. ಕಂಪೆನಿ ಇಟ್ಟ ಡಿಗ್ರಿ ಬದಲಿಸಬೇಡಿ ಅಂದೆ. ಟೆಸ್ಟ್ ಬೆಂಚಲ್ಲಿ ಹಾಕಿದಾಗ ಕಂಪೆನಿಯ ಚಾರ್ಟಿಗಿಂತ ನೂರಕ್ಕೆ 14 ಜಾಸ್ತಿ ಡೀಸೆಲ್ ಬಿಡ್ತಿತ್ತು, ಮೂರು ಸಿಲಿಂಡರಿಗೆ ಹಂಚಿಕೆಯೂ ಸಮ ಇರ್ಲಿಲ್ಲ. ಸರಿ ಮಾಡಿ ಹೊಸ ಸೀಲ್ ಹಾಕಿ ಕೊಟ್ರು, ನಾಲ್ಕೂವರೆ ಸಾವಿರ ಆಯ್ತು. ಮಾವನಿಗೆ ಹೆದರಿಕೆ, ಗಾಡಿ ಎಳೆಯೋದಿಲ್ಲ ಅಂತ. ಒಂದು ಮಜಲು ಗದ್ದೆಯ ಜಿಗುಟು ಮಣ್ಣಲ್ಲಿ ಒಂದು ಗೇರ್ ಇಳಿಸಬೇಕಾದ್ದು ನಿಜ, ಬೈಲಲ್ಲಿ ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಎಕರೆಗೆ 6, ಪೇಪರ್ ಎರಡೂವರೆ.

ಇಲ್ಲಿಗೆ ಸ್ಪಾನರಿನ ಕೆಲಸ ಮುಗಿಯಿತು. ಮುಂದಿನದ್ದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಉಳಿತಾಯ ಜಾಸ್ತಿ ಬಂದದ್ದು ಅದರಲ್ಲೇ.

ರೋಟವೇಟರ್ ಅಂದ್ರೆ ಪಿಟಿಒ (ರೋಟವೇಟರ್ ತಿರುಗಿಸುವ ಹಿಂದಿನ ಶಾಫ್ಟ್) ನಿಮಿಷಕ್ಕೆ 540 ಸಲ ತಿರುಗಬೇಕು ಅಂತ ಮಾವ ಥ್ರೋಟಲ್ ಲಿವರನ್ನು ಯಾವಾಗಲೂ ಅಡಿಗೇ ಎಳೆದು ಇಡ್ತಿದ್ರು, ಅದು 540ಕ್ಕಿಂತಲೂ ಮೇಲೆ ಹೋಗ್ತಿತ್ತು. ಒಣ ಮಣ್ಣಿನ ಹೆಂಟೆ ಒಡೆಯಲು ಆ ವೇಗ ಬೇಕು, ಆದ್ರೆ ನೆನೆದು ಮೆತ್ತಗಾದ ಬೈಲಿನ ಎರಡನೇ ಸುತ್ತಿಗೆ ಬೇಡ. ಇಂಜಿನ್ ತಿರುಗಿದಷ್ಟೂ ಅದರ ಒಳಗಿನ ಉಜ್ಜಾಟಕ್ಕೆ, ಗಾಳಿ ಎಳೆದು ತಳ್ಳೋದಕ್ಕೆ ಡೀಸೆಲ್ ಹೋಗ್ತದೆ, ಗದ್ದೆಗೆ ಅದರಿಂದ ಏನೂ ಸಿಗೋದಿಲ್ಲ. ಒಂದು ಗೇರ್ ಮೇಲೆ ಹಾಕಿ ಥ್ರೋಟಲ್ ಇಳಿಸಿ ಪಿಟಿಒ 450ರ ಆಸುಪಾಸಿನಲ್ಲಿ ಹೊಡೆಸಿದೆ. ಕೆಸರು ಅಷ್ಟೇ ಚೆನ್ನಾಗಿ ಬಂತು, ಎಕರೆಗೆ 5.3. ಮಿತಿ ಎಲ್ಲಿ ಅಂತ ಸೈಲೆನ್ಸರೇ ಹೇಳ್ತದೆ, ಥ್ರೋಟಲ್ ಇಳಿಸಿದಾಗ ಇಂಜಿನ್ ನರಳಿ ಕಪ್ಪು ಬಂದ್ರೆ ಅದು ಓವರ್‌ಲೋಡ್, ಕೂಡಲೇ ಗೇರ್ ಇಳಿಸಬೇಕು. ಮೊದಲ ಸುತ್ತಿಗೆ ಥ್ರೋಟಲ್ 540ಕ್ಕೆ ಸರಿಯಾಗಿ ನಿಲ್ಲಿಸಿದ್ದಷ್ಟೇ, ರಿಪೇರಿಯದ್ದೂ ಸೇರಿ 8 ಇದ್ದದ್ದು 6.2ಕ್ಕೆ ಬಂತು.

ಚಕ್ರ ಜಾರೋದನ್ನು ಸಹ ನೋಡಿದೆ, ಮಜಲಿನಲ್ಲಿ ಕಲ್ಟಿವೇಟರ್ ಹಾಕಿ ಒಣ ಉಳುಮೆ ಮಾಡುವಾಗ. ಹಿಂದಿನ ಟಯರಿಗೆ ಸುಣ್ಣದಲ್ಲಿ ಗುರುತು ಹಾಕಿ ಹತ್ತು ಸುತ್ತಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆಯೋದು. ಖಾಲಿ ಹೋದ್ರೆ 39.8 ಮೀಟರ್, ಕಲ್ಟಿವೇಟರ್ ಎಳೆಯುವಾಗ 31.4 ಮಾತ್ರ, ಅಂದ್ರೆ ನೂರಕ್ಕೆ 21 ಜಾರ್ತಾ ಉಂಟು. ಒಣ ನೆಲದಲ್ಲಿ ಎಂಟರಿಂದ ಹದಿನೈದರ ಒಳಗೆ ಇದ್ರೆ ಒಳ್ಳೇದು. ಹಿಂದಿನ ಟಯರಿಗೆ ನೀರು ತುಂಬಿಸಿದ ಮೇಲೆ 33.6 ಮೀಟರ್ ಬಂತು, ಸುಮಾರು 16. ಟಯರಿನ ಗುಬ್ಬಿ ಸವೆದದ್ದು ಬದಲಿಸದೆ ಇದಕ್ಕಿಂತ ಇಳಿಯೋದಿಲ್ಲ. ರೋಟವೇಟರ್ ಹಾಕುವಾಗ ಇದು ಅಷ್ಟು ದೊಡ್ಡ ವಿಷಯ ಅಲ್ಲ, ಬ್ಲೇಡ್ ತಿರುಗುವಾಗ ಅದೇ ಟ್ರ್ಯಾಕ್ಟರನ್ನು ಮುಂದೆ ತಳ್ತದೆ.

ಇನ್ನು ಆ ಮೂರನೇ ಸುತ್ತು. ಇದಕ್ಕೆ ಮಾವನನ್ನು ಒಪ್ಪಿಸ್ಲಿಕ್ಕೆ ಪೇಪರ್ ಸಾಕಾಗ್ಲಿಲ್ಲ, ನಾಟಿ ಮಿಷನ್ ಬೇಕಾಯ್ತು. ನಾವು ಈಗ ಎಂಒ4 ತಳಿಯ ನೇಜಿಯನ್ನು (ಭತ್ತದ ಸಸಿಯನ್ನು) ಚಾಪೆಯಲ್ಲಿ ಮಾಡಿ ಯಂತ್ರದಲ್ಲಿ ನೆಡಿಸೋದು. ಯಂತ್ರಕ್ಕೆ ಕೆಸರು ಒಂದೆರಡು ದಿನ ಕೂತು ಗಟ್ಟಿಯಾಗಬೇಕು, ಅತೀ ನುಣ್ಣಗೆ ಕಲಸಿದ್ರೆ ಮಿಷನಿನ ಚಕ್ರ ಹೂತು, ನೇಜಿ ನೆಟ್ಟಗೆ ನಿಲ್ಲದೆ ತೇಲ್ತದೆ. ಈ ಸಲ ಒಂದು ಗದ್ದೆಗೆ ಮೂರು ಸುತ್ತು, ಹುಣಿಯ (ಬದುವಿನ) ಆಚೆಯ ಗದ್ದೆಗೆ ಎರಡೇ ಸುತ್ತು ಹೊಡೆಸಿ ಹಲಗೆ ಎಳೆಸಿ ಬಿಟ್ಟೆ. ನೆಡುವ ದಿನ ಎರಡು ಸುತ್ತಿನದ್ದರಲ್ಲಿ ಮಿಷನ್ ಸಲೀಸಾಗಿ ಹೋಯ್ತು, ಮೂರು ಸುತ್ತಿನದ್ದರಲ್ಲಿ ಮೂಲೆಯಲ್ಲಿ ಹೂತು ಇಬ್ರು ನೂಕಬೇಕಾಯ್ತು. ನೀರು ನಿಲ್ಲೋದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣ್ಲಿಲ್ಲ, ಬೈಲು ಗದ್ದೆ ಅಲ್ವಾ, ಅದರಲ್ಲೂ ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ರ ಮಳೆ. ಮಾವ ಹುಣಿ ಮೇಲೆ ನಿಂತು ನೋಡಿ "ಹಾಗಾದ್ರೆ ಇಷ್ಟು ವರ್ಷ ಹೊಡೆದದ್ದು?" ಅಂದ್ರು. ಆಗ ಕೈಯಲ್ಲಿ ನೆಡುವವರಿದ್ರು ಮಾವ, ಅದಕ್ಕೆ ಮೆತ್ತಗಿನ ಕೆಸರೇ ಬೇಕಿತ್ತು, ಅಂದೆ. ಅದು ಸುಳ್ಳಲ್ಲ.

ಈಗ ಎಕರೆಗೆ 6.2 ಮತ್ತು 5.3, ಒಟ್ಟು ಹನ್ನೊಂದೂವರೆ ಲೀಟರ್. ಇಪ್ಪತ್ತೆರಡು ಇದ್ದದ್ದು. ಲೀಟರಿಗೆ ತೊಂಬತ್ತು ರೂಪಾಯಿ ಹಿಡಿದ್ರೂ ಎಕರೆಗೆ ಒಂಬೈನೂರು ಉಳೀತದೆ, ಹೊಗೆಯಲ್ಲಿ 28 ಕೆಜಿ ಕಾರ್ಬನ್ ಡೈಆಕ್ಸೈಡ್ ಕಡಿಮೆ.

ಬಾಡಿಗೆ ಹೋಗುವಲ್ಲಿ ಒಂದು ತೊಡಕು ಉಂಟು. ನಮ್ಮ ಕಡೆ ಟ್ರ್ಯಾಕ್ಟರಿಗೆ ಗಂಟೆ ಲೆಕ್ಕ. ಗಂಟೆ ಲೆಕ್ಕದಲ್ಲಿ ಸುತ್ತು ಕಡಿಮೆ ಮಾಡಿದವನಿಗೆ ದುಡ್ಡು ಕಡಿಮೆ, ಗದ್ದೆಯವರಿಗೂ ಥ್ರೋಟಲ್ ಇಳಿಸಿ ಹೊಡೆದ್ರೆ ನಿಧಾನ ಮಾಡ್ತಾ ಇದ್ದಾರೆ ಅಂತ ಕಾಣ್ತದೆ. ಮೂರು ಮನೆಯವರ ಹತ್ರ ಕೂತು ಮಾತಾಡಿ ಸೆಂಟ್ಸ್ ಲೆಕ್ಕಕ್ಕೆ ಬದಲಿಸಿದ್ದೇವೆ, ಉಳಿದವರು ಮುಂದಿನ ವರ್ಷ ನೋಡುವ ಅಂದಿದ್ದಾರೆ. ಡೀಸೆಲ್ ಉಳಿಸೋದು ಡ್ರೈವರಿಗೆ ನಷ್ಟ ಆಗುವ ಹಾಗಿದ್ರೆ ಯಾವ ರಿಪೇರಿ ಮಾಡಿಯೂ ಪ್ರಯೋಜನ ಇಲ್ಲ ಅಂತ ನನಗೆ ಬಲವಾಗಿ ಅನಿಸ್ತದೆ. ಮತ್ತೆ ಐಡಲ್, ಹತ್ತು ನಿಮಿಷ ಸುಮ್ನೆ ಓಡಿಸಿ ತೂಗಿದ್ರೆ 110 ಗ್ರಾಂ, ಅಂದ್ರೆ ಗಂಟೆಗೆ 0.8 ಲೀಟರ್. ಮಾವ ಚಾ ಕುಡಿಯುವಾಗಲೂ ಆಫ್ ಮಾಡ್ತಿರ್ಲಿಲ್ಲ, ಯಾಕಂದ್ರೆ ಸೆಲ್ಫ್ ಸರಿ ಇರ್ಲಿಲ್ಲ, ಗದ್ದೆ ಮಧ್ಯೆ ನಿಂತು ಹೋದ್ರೆ ಅಂತ ಹೆದರಿಕೆ. ಸೆಲ್ಫ್ ಮೋಟರಿನ ಕಾರ್ಬನ್ ಬದಲಿಸಿ ಬ್ಯಾಟರಿ ಟರ್ಮಿನಲ್ ಉಜ್ಜಿ ಕೊಟ್ಟೆ, ಈಗ ಆಫ್ ಮಾಡ್ತಾರೆ.

ಹೊಸ ಟ್ರ್ಯಾಕ್ಟರ್ ತಕೊಂಡ್ರೆ ಇದೆಲ್ಲ ಬೇಡ ಅಲ್ವಾ ಅಂತ ಕೇಳಿದವರಿದ್ದಾರೆ. 2023ರ ಜನವರಿಯಿಂದ ಬಂದ ಟ್ರ್ಯಾಕ್ಟರ್ ಹೊಗೆಗೆ ಮಿತಿ ಹಾಕುವ ಟ್ರೆಮ್ 4 ನಿಯಮ 50 ಎಚ್‌ಪಿಗಿಂತ ಮೇಲಿನದ್ದಕ್ಕೆ ಮಾತ್ರ, ನಮ್ಮ ಸಣ್ಣ ಸಣ್ಣ ಗದ್ದೆಗೆ ಇಳಿಯುವ ಮೂವತ್ತು ನಲವತ್ತು ಎಚ್‌ಪಿ ಗಾಡಿ ಅದರ ಒಳಗೆ ಬರೋದಿಲ್ಲ. ಡೀಸೆಲ್ ಮಾತ್ರ ಎಲ್ಲರಿಗೂ ಒಂದೇ, 2020ರ ಏಪ್ರಿಲಿಂದ ಪಂಪಲ್ಲಿ ಸಿಗೋದು 10 ಪಿಪಿಎಂ ಗಂಧಕದ್ದು, ಹಳೇ ಗಾಡಿಗೂ ಅದರ ಉಪಕಾರ ಉಂಟು. ಉಳಿದದ್ದು ಗಾಡಿ ಇಟ್ಟವರ ಕೈಯಲ್ಲೇ ಇರೋದು.

ಬಾಕಿ ಇರುವ ಕೆಲಸ ಎರಡು. ಸೈಲೆನ್ಸರಿಗೆ ಒಂದೂವರೆ ಅಡಿ ಪೈಪ್ ಕೂಡಿಸಿ ಬಾಯಿಯನ್ನು ಮಾವನ ತಲೆಗಿಂತ ಮೇಲೆ, ಓರೆಯಾಗಿ ಆಚೆ ತಿರುಗಿಸಬೇಕು, ಪೈಪ್ ತಂದು ಶೆಡ್ಡಲ್ಲಿ ಇಟ್ಟಿದ್ದೇನೆ, ಬೆಸುಗೆಯವರು ಚೌತಿ ಕಳೀಲಿ ಅಂದಿದ್ದಾರೆ. ಸುಗ್ಗಿಗೆ, ಅಂದ್ರೆ ಎರಡನೇ ಬೆಳೆಗೆ, ಮಣ್ಣು ಬೇರೆ, ನೀರು ಕಡಿಮೆ, ಆಗ ಪುನಃ ಕ್ಯಾನ್ ಕಟ್ಟಿ ಮೂರು ಗದ್ದೆ ಅಳೀಬೇಕು. ಕಳೆದ ವಾರ ಕೊನೆಯ ಗದ್ದೆ ಮುಗಿಸಿ ಬಂದಾಗ ಮಾವನೇ ಬೈರಾಸು ಬಿಡಿಸಿ ತೋರಿಸಿದ್ರು, ಕೆಸರು ಇತ್ತು, ಬೆವರಿನ ಹಳದಿ ಇತ್ತು, ಆ ಕಪ್ಪು ಗುರುತು ಎಲ್ಲೋ ತೆಳುವಾಗಿ ಒಂದು ಎಳೆ ಮಾತ್ರ. ಕೆಮ್ಮು ಇನ್ನೂ ಉಂಟು, ಮಣಿಪಾಲದ ಆಸ್ಪತ್ರೆಗೆ ಕರ್ಕೊಂಡು ಹೋಗಿ ಒಮ್ಮೆ ತೋರಿಸ್ಲಿಕ್ಕೆ ದಿನ ಗೊತ್ತು ಮಾಡಿದ್ದೇನೆ.